ಹಾಲಿನ ಖಾತೆಯಲ್ಲಿ ಬರೆಯದೆ ಉಳಿದ ಹೋರಿಗರು

ಜೈನ ಗೃಹಸ್ಥನಿಗೆ ಹಾಲು ನಿರ್ದೋಷವಾದ ಆಹಾರವೆಂಬ ನಂಬಿಕೆ ಬಲವಾಗಿದೆ. ಕಂದಮೂಲವನ್ನು ತ್ಯಜಿಸಿದವನು, ರಾತ್ರಿಭೋಜನವನ್ನು ಬಿಟ್ಟವನು, ನೀರನ್ನು ಸೋಸಿ ಕುಡಿಯುವವನು ಸಹ ಹಾಲು, ಮೊಸರು, ತುಪ್ಪಗಳ ವಿಷಯದಲ್ಲಿ ಪ್ರಶ್ನೆ ಎತ್ತುವುದಿಲ್ಲ. ಕರು ಕುಡಿದು ಉಳಿದುದನ್ನು ಕರೆದುಕೊಂಡರೆ ಯಾವ ಜೀವಕ್ಕೂ ಬಾಧೆಯಿಲ್ಲ ಎಂಬುದು ಆ ನಂಬಿಕೆಯ ಆಧಾರ. ಆ ಆಧಾರ ಇಂದು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಪರೀಕ್ಷಿಸುವ ಹೊಣೆ ಶ್ರಾವಕನದು. ವಿಚಿತ್ರವೆಂದರೆ, ಈ ಪರೀಕ್ಷೆಗೆ ಕಾರಣವಾಗಿರುವುದು ಶಾಸ್ತ್ರಚರ್ಚೆಯಲ್ಲ, ಹಸುವಿನ ತೇಗು.

ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಿಂದ ಹೊರಬರುವ ಮೀಥೇನ್ ಅನಿಲವು ಭೂಮಿಯ ತಾಪವನ್ನು ಹೆಚ್ಚಿಸುತ್ತಿದೆ ಎಂದು ವಿಜ್ಞಾನಿಗಳು ಹೇಳತೊಡಗಿ ದಶಕಗಳೇ ಕಳೆದಿವೆ. ಈ ಮಾತಿಗೆ ಸಮಾಜದಲ್ಲಿ ಎರಡು ಬಗೆಯ ಉತ್ತರ ಕೇಳಿಬರುತ್ತದೆ. ಇದು ಗೋವಿನ ಮೇಲೆ ಪಾಶ್ಚಾತ್ಯರು ಹೊರಿಸಿದ ಅಪವಾದ ಎಂದು ನಕ್ಕುಬಿಡುವವರು ಒಂದು ಪಕ್ಷ. ಗೋಶಾಲೆಗೆ ಕಾಣಿಕೆ ಕೊಟ್ಟಾಗಿದೆ, ಮುಂದಿನದು ಸರ್ಕಾರದ ಕೆಲಸ ಎಂದು ಕೈತೊಳೆದುಕೊಳ್ಳುವವರು ಇನ್ನೊಂದು ಪಕ್ಷ. ಎರಡೂ ಉತ್ತರಗಳು ಲೆಕ್ಕದ ಪುಸ್ತಕವನ್ನು ತೆರೆಯದೆಯೇ ಕೊಟ್ಟ ಉತ್ತರಗಳು.

ಮೊದಲು ವಸ್ತುಸ್ಥಿತಿ. ಹಸು, ಎಮ್ಮೆ, ಆಡು, ಕುರಿಗಳ ಮೊದಲ ಹೊಟ್ಟೆಯಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳಿವೆ. ಮನುಷ್ಯನಿಗೆ ಜೀರ್ಣವಾಗದ ಹುಲ್ಲಿನ ನಾರನ್ನು ಒಡೆದು ಆಹಾರವಾಗಿಸುವವು ಅವೇ. ಆ ಕ್ರಿಯೆಯಲ್ಲಿ ಹುಟ್ಟುವ ಜಲಜನಕವನ್ನು ಬೇರೊಂದು ಬಗೆಯ ಸೂಕ್ಷ್ಮಜೀವಿಗಳು ಬಳಸಿಕೊಂಡು ಮೀಥೇನ್ ತಯಾರಿಸುತ್ತವೆ. ಅದರ ಬಹುಪಾಲು ತೇಗಿನ ಮೂಲಕ ಬಾಯಿಂದ ಹೊರಬೀಳುತ್ತದೆ. ಒಂದು ತೂಕದ ಮೀಥೇನ್ ನೂರು ವರ್ಷಗಳ ಅವಧಿಯಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು, ಇಪ್ಪತ್ತು ವರ್ಷಗಳ ಅವಧಿಯಲ್ಲಿ ಸುಮಾರು 80 ಪಟ್ಟು ಹೆಚ್ಚು ತಾಪವನ್ನು ಹಿಡಿದಿಡುತ್ತದೆ. ಆದರೆ ಅದು ವಾತಾವರಣದಲ್ಲಿ ಉಳಿಯುವುದು ಹತ್ತು ಹನ್ನೆರಡು ವರ್ಷ ಮಾತ್ರ. ಇಂದು ಕಡಿಮೆ ಮಾಡಿದರೆ ಅದರ ಫಲವನ್ನು ಇದೇ ತಲೆಮಾರು ಕಾಣಬಹುದು. ವಾಯುವಿನಲ್ಲಿಯೂ ಜೀವವಿದೆಯೆಂದು, ವಾಯುಕಾಯಿಕ ಜೀವಗಳನ್ನು ಷಟ್ಕಾಯಗಳಲ್ಲಿ ಎಣಿಸಿದ ಧರ್ಮಕ್ಕೆ ಸೇರಿದವರು ವಾಯುವಿನ ಕೇಡನ್ನು ಕುರಿತ ಮಾತಿಗೆ ನಗುವುದು ಶೋಭಿಸುವುದಿಲ್ಲ.

ಪಾಶ್ಚಾತ್ಯರ ಅಪವಾದ ಎಂಬ ಆಕ್ಷೇಪಣೆಯಲ್ಲಿ ಒಂದು ಅಂಶ ನಿಜವೇ ಆಗಿದೆ. 1990ರಲ್ಲಿ ಅಮೆರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಸಂಸ್ಥೆಯು ಬತ್ತದ ಗದ್ದೆ ಮತ್ತು ಜಾನುವಾರುಗಳ ಮೀಥೇನನ್ನು ಸೇರಿಸಿ ಲೆಕ್ಕ ಕಟ್ಟಿ, ಭೂತಾಪಕ್ಕೆ ಕಾರಣವಾದ ಮೊದಲ ಐದು ರಾಷ್ಟ್ರಗಳ ಸಾಲಿನಲ್ಲಿ ಭಾರತವನ್ನು ನಿಲ್ಲಿಸಿತು. 1991ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅದನ್ನು ತೀವ್ರವಾಗಿ ಖಂಡಿಸಿದರು. ಬಡವನ ಬದುಕಿಗೆ ಬೇಕಾದ ಹಸುವಿನ ಅನಿಲವನ್ನೂ ಶ್ರೀಮಂತನ ಮೋಟಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಎಂಬುದು ಅವರ ವಾದ. ಆ ವಾದ ಅಂದೂ ನ್ಯಾಯ, ಇಂದೂ ನ್ಯಾಯ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಹಲವು ರಾಷ್ಟ್ರಗಳು ಮೀಥೇನ್ ಕಡಿತದ ಪ್ರತಿಜ್ಞೆಗೆ ಸಹಿ ಹಾಕಿದಾಗ ಭಾರತ ಹೊರಗುಳಿದದ್ದಕ್ಕೂ ಇದೇ ತರ್ಕದ ಬೆಂಬಲವಿತ್ತು.

ಆದರೆ ಒಂದು ಸಂಗತಿಯನ್ನು ಮರೆಯಬಾರದು. ಆ ವಾದವು ರಕ್ಷಿಸಲು ಹೊರಟದ್ದು ಎರಡು ದನ ಕಟ್ಟಿಕೊಂಡು ಬದುಕುವ ಒಕ್ಕಲುಮಗನನ್ನು. ಮದುವೆಯೂಟದಲ್ಲಿ ಎಂಟು ಬಗೆಯ ಹಾಲಿನ ಸಿಹಿ ಬಡಿಸುವ ವರ್ತಕನು ಆ ಬಡವನ ಕೊಡೆಯ ಕೆಳಗೆ ನಿಲ್ಲಲು ಹಕ್ಕುದಾರನಲ್ಲ. ಬದುಕಿಗೆ ಬೇಕಾದುದು ಬೇರೆ, ಭೋಗಕ್ಕೆ ಬೇಕಾದುದು ಬೇರೆ ಎಂಬ ಭೇದವನ್ನು 1991ಕ್ಕಿಂತ ಬಹು ಹಿಂದೆಯೇ ಭೋಗೋಪಭೋಗ ಪರಿಮಾಣ ವ್ರತದ ಹೆಸರಿನಲ್ಲಿ ಶ್ರಾವಕಾಚಾರವು ಕಲಿಸಿದೆ.

ಇನ್ನು ದೇಶದ ಲೆಕ್ಕ. 1951ರ ಗಣತಿಯಲ್ಲಿ ಭಾರತದಲ್ಲಿ ಸುಮಾರು 15.5 ಕೋಟಿ ದನಗಳೂ 4.3 ಕೋಟಿ ಎಮ್ಮೆಗಳೂ ಇದ್ದವು. 1992ರಲ್ಲಿ ದನಗಳು 20.5 ಕೋಟಿ, ಎಮ್ಮೆಗಳು 8.4 ಕೋಟಿ. 2019ರಲ್ಲಿ ದನಗಳು 19.2 ಕೋಟಿಗೆ ಇಳಿದವು, ಎಮ್ಮೆಗಳು ಸುಮಾರು 11 ಕೋಟಿಗೆ ಏರಿದವು. ಜಾನುವಾರುಗಳ ಜೀರ್ಣಕ್ರಿಯೆಯಿಂದ ಹೊರಬಿದ್ದ ಮೀಥೇನ್ ಸರ್ಕಾರದ ಅಂದಾಜಿನಂತೆ 1994ರಲ್ಲಿ ಸುಮಾರು 90 ಲಕ್ಷ ಟನ್, 2007ರಲ್ಲಿ ಸುಮಾರು 1 ಕೋಟಿ 1 ಲಕ್ಷ ಟನ್. 2016ರ ಲೆಕ್ಕದಲ್ಲಿ ದೇಶದ ಒಟ್ಟು ತಾಪಾನಿಲಗಳಲ್ಲಿ ಕೃಷಿಯ ಪಾಲು ಶೇಕಡ 14ರಷ್ಟಿದ್ದು, ಅದರ ಅರ್ಧಕ್ಕಿಂತ ಹೆಚ್ಚು ಈ ಜೀರ್ಣಕ್ರಿಯೆಯದೇ ಆಗಿತ್ತು. ಇದೇ ಅವಧಿಯಲ್ಲಿ ಹಾಲಿನ ಉತ್ಪಾದನೆಯಾದರೋ 1950–51ರ 1.7 ಕೋಟಿ ಟನ್ನಿನಿಂದ 2023–24ರಲ್ಲಿ ಸುಮಾರು 23.9 ಕೋಟಿ ಟನ್ನಿಗೆ ಏರಿತು. ದನ ಎಮ್ಮೆಗಳು ಒಂದೂವರೆ ಪಟ್ಟು ಹೆಚ್ಚಿದವು, ಹಾಲು ಹದಿನಾಲ್ಕು ಪಟ್ಟು ಹೆಚ್ಚಿತು. ಪ್ರತಿ ಲೀಟರಿನ ಮೇಲೆ ಬೀಳುವ ಮೀಥೇನ್ ಬಹಳ ಇಳಿದಿದೆ. ಆಡಳಿತಗಾರರು ಇದನ್ನು ಪ್ರಗತಿಯೆನ್ನುತ್ತಾರೆ. ಈ ಪ್ರಗತಿಯ ಬೆಲೆಯನ್ನು ತೆತ್ತವರು ಯಾರು ಎಂಬುದೇ ಪ್ರಶ್ನೆ.

ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ರಾಮನಗರ ಸೀಮೆಯನ್ನು ನೋಡಿದರೆ ಸಾಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಒಣಭೂಮಿ ರಾಗಿಯನ್ನೂ ಹಿಪ್ಪುನೇರಳೆಯನ್ನೂ ಬೆಳೆದುಕೊಂಡು ಬಂದದ್ದು. ಅಲ್ಲಿಯ ಕೊಟ್ಟಿಗೆಯಲ್ಲಿ ಇದ್ದುದು ಹಳ್ಳಿಕಾರ್ ತಳಿ. ಹಳ್ಳಿಕಾರ್ ಹಸು ಹಾಲಿಗೆ ಹೆಸರಾದುದಲ್ಲ. ಅದರ ಕರುವಿಗಾಗಿ ಅದನ್ನು ಸಾಕುತ್ತಿದ್ದರು. ಹೋರಿಗರು ಹುಟ್ಟಿದರೆ ಮನೆಗೆ ಸಂಪತ್ತು ಬಂದಂತೆ. ಅದು ಬೆಳೆದು ಎತ್ತಾಗಿ ಉಳುಮೆಗೂ ಗಾಡಿಗೂ ಹೆಗಲು ಕೊಡುತ್ತಿತ್ತು. ಚನ್ನಪಟ್ಟಣದ ಬಳಿಯ ಕೆಂಗಲ್ ಆಂಜನೇಯಸ್ವಾಮಿ ಸನ್ನಿಧಿಯ ದನಗಳ ಜಾತ್ರೆಯಲ್ಲಿ ಒಳ್ಳೆಯ ಜೋಡಿ ಎತ್ತು ಹೊಂದಿದವನ ಗೌರವವೇ ಬೇರೆಯಾಗಿತ್ತು. ಗಂಡಾಗಲಿ ಹೆಣ್ಣಾಗಲಿ, ಹುಟ್ಟಿದ ಕರುವಿಗೆ ಮನೆಯಲ್ಲಿ ಕೆಲಸವೂ ಇತ್ತು, ಮೇವೂ ಇತ್ತು. ಹಾಲು ನಿರ್ದೋಷವೆಂಬ ಮಾತಿಗೆ ಆ ಕಾಲದ ಕೊಟ್ಟಿಗೆಯಲ್ಲಿ ಒಂದಿಷ್ಟು ನೆಲೆ ಇತ್ತು.

1970ರ ದಶಕದಲ್ಲಿ ಈ ವ್ಯವಸ್ಥೆ ತಿರುಗಿತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಹೈನುಗಾರಿಕೆ ಅಭಿವೃದ್ಧಿ ಯೋಜನೆ ಆರಂಭವಾಯಿತು. 1976ರಲ್ಲಿ ಬೆಂಗಳೂರು ಹಾಲು ಒಕ್ಕೂಟ ನೋಂದಣಿಯಾಯಿತು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು. ಊರೂರಿಗೆ ಡೇರಿ ಬಂತು, ಡೇರಿಯ ಹಿಂದೆ ಸೀಮೆಹಸು ಬಂತು. ಇದರಿಂದ ರೈತಕುಟುಂಬಗಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳ ಕೈಗೆ, ನಿಯತವಾದ ಆದಾಯ ದೊರೆಯಿತು. ಮಳೆ ಕೈಕೊಟ್ಟ ವರ್ಷ, ಗೂಡಿನ ದರ ಬಿದ್ದ ವರ್ಷ ಮನೆಯನ್ನು ಉಳಿಸಿದ್ದು ಡೇರಿಯ ಬಟವಾಡೆಯೇ. 2024ರ ಜೂನ್ ತಿಂಗಳಲ್ಲಿ ಮಹಾಮಂಡಳದ ದಿನದ ಸಂಗ್ರಹ 1 ಕೋಟಿ ಲೀಟರನ್ನು ಮುಟ್ಟಿತು. ಈ ಸಾಧನೆಯನ್ನು ಹೀಗಳೆಯುವುದು ಕೃತಘ್ನತೆ.

ಆದರೂ ಖಾತೆಯ ಇನ್ನೊಂದು ಮಗ್ಗುಲಿದೆ. ಸೀಮೆಹಸುವಿನ ಹೋರಿಗರುವಿಗೆ ಹಿಣಿಲಿಲ್ಲ, ನೊಗಕ್ಕೆ ಹೊಂದುವುದಿಲ್ಲ, ಬಿಸಿಲು ತಾಳುವುದಿಲ್ಲ. ಹೊಂದಿದರೂ ಉಳುವ ಕೆಲಸವನ್ನು ಟ್ರಾಕ್ಟರು ಕಸಿದುಕೊಂಡಿದೆ. ಆ ಕರು ಕುಡಿಯುವ ಪ್ರತಿ ಲೀಟರು ಡೇರಿಗೆ ಹೋಗಬೇಕಾದ ಲೀಟರು. ಹೀಗಾಗಿ ಹುಟ್ಟಿದ ಕೆಲವೇ ದಿನಗಳಲ್ಲಿ ಹೋರಿಗರು ಕೊಟ್ಟಿಗೆಯಿಂದ ಕಾಣೆಯಾಗುತ್ತದೆ. ಕೆಲವು ಮೊಲೆಹಾಲು ಸಾಲದೆ ಸೊರಗುತ್ತವೆ, ಕೆಲವು ಮಾರಾಟವಾಗುತ್ತವೆ. ಬತ್ತಿದ ಹಸುವಿನ ಗತಿಯೂ ಅದೇ.

ಇದು ಊಹೆಯ ಮಾತೆಂದು ತಳ್ಳಿಹಾಕುವವರು ಗಣತಿಯ ಅಂಕಿಗಳನ್ನು ನೋಡಬೇಕು. 2019ರಲ್ಲಿ ದೇಶದಲ್ಲಿ ಹೆಣ್ಣು ದನಗಳು 14.5 ಕೋಟಿ, ಗಂಡು ದನಗಳು 4.7 ಕೋಟಿ ಮಾತ್ರ. ಹುಟ್ಟಿನಲ್ಲಿ ಪ್ರಕೃತಿ ಗಂಡು ಹೆಣ್ಣುಗಳನ್ನು ಹೆಚ್ಚುಕಡಿಮೆ ಸಮವಾಗಿ ಕೊಡುತ್ತದೆ. ಹಾಗಿದ್ದರೆ ಸುಮಾರು 10 ಕೋಟಿಯ ಈ ಅಂತರವೆಲ್ಲಿ ಹೋಯಿತು? 2012ರ ಗಣತಿಯಲ್ಲಿ ಗಂಡು ದನಗಳು ಸುಮಾರು 6.8 ಕೋಟಿ ಇದ್ದವು. ಏಳು ವರ್ಷಗಳಲ್ಲಿ ಎರಡು ಕೋಟಿ ಕಡಿಮೆಯಾದವು. ಅದೇ ಏಳು ವರ್ಷಗಳಲ್ಲಿ ಹೆಣ್ಣು ದನಗಳು ಶೇಕಡ 18ರಷ್ಟು ಹೆಚ್ಚಿದವು.

ಈಗ ಮೀಥೇನಿನ ಲೆಕ್ಕವನ್ನೂ ಕರುವಿನ ಲೆಕ್ಕವನ್ನೂ ಒಂದೇ ಪುಟದಲ್ಲಿ ಬರೆಯೋಣವೆಂದರೆ ನಿಜಸ್ಥಿತಿ ಹೊರಬೀಳುತ್ತದೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ 2006ರ ಮಾರ್ಗಸೂಚಿಯಲ್ಲಿ ಭಾರತ ಉಪಖಂಡದ ಕರೆಯುವ ಹಸುವಿಗೆ ವರ್ಷಕ್ಕೆ 58 ಕಿಲೋಗ್ರಾಂ, ಇತರ ದನಗಳಿಗೆ ತಲಾ 27 ಕಿಲೋಗ್ರಾಂ ಮೀಥೇನ್ ಎಂದು ದರ ಕಟ್ಟಲಾಗಿದೆ. ಉತ್ತರ ಅಮೆರಿಕದ ಹಸುವಿಗೆ 128 ಕಿಲೋಗ್ರಾಂ. ಅಲ್ಲಿಯ ಹಸು ವರ್ಷಕ್ಕೆ 8,400 ಕಿಲೋಗ್ರಾಂ ಹಾಲು ಕೊಡುತ್ತದೆ, ಇಲ್ಲಿಯದು 900 ಎಂದು ಅದೇ ಪಟ್ಟಿ ಹೇಳುತ್ತದೆ. ಭಾಗಿಸಿದರೆ ಅಲ್ಲಿ ಒಂದು ಕಿಲೋಗ್ರಾಂ ಹಾಲಿಗೆ 15 ಗ್ರಾಂ ಮೀಥೇನ್, ಇಲ್ಲಿ 64 ಗ್ರಾಂ. ಈ ಭಾಗಾಕಾರವನ್ನೇ ಹಿಡಿದುಕೊಂಡು, ಹೆಚ್ಚು ಕರೆಯುವ ಹಸು ಶುದ್ಧ, ಕಡಿಮೆ ಕರೆಯುವುದು ಅಶುದ್ಧ, ಕರೆಯದೇ ಇರುವುದು ಬರಿಯ ಹೊರೆ ಎಂದು ತೀರ್ಪು ಕೊಡುವ ತಜ್ಞರಿದ್ದಾರೆ. ಈ ಲೆಕ್ಕದ ಪ್ರಕಾರ ಹಳ್ಳಿಕಾರ್ ಎತ್ತು ಅಪರಾಧಿ; ಅದರ ಕೆಲಸವನ್ನು ಮಾಡುವ ಟ್ರಾಕ್ಟರಿನ ಡೀಸೆಲ್ ಹೊಗೆ ಬೇರೊಂದು ಖಾತೆಗೆ ಹೋಗಿಬಿಡುತ್ತದೆ.

ಅದೇ ದರದಲ್ಲಿ, 2012ರಿಂದ 2019ರವರೆಗೆ ಕಡಿಮೆಯಾದ ಎರಡು ಕೋಟಿ ಗಂಡು ದನಗಳ ಲೆಕ್ಕ ಹಾಕಿದರೆ ವರ್ಷಕ್ಕೆ 5.4 ಲಕ್ಷ ಟನ್ ಮೀಥೇನ್ ಉಳಿತಾಯವಾದಂತಾಯಿತು. ಕಾಗದದ ಮೇಲೆ ಇದು ಜಮಾ. ಬಾಳದೆ ಹೋದ ಜೀವಗಳನ್ನು ಜಮಾ ಕಡೆಯಲ್ಲಿ ತೋರಿಸುವ ಲೆಕ್ಕಪತ್ರಕ್ಕೆ ಯಾವ ಶ್ರಾವಕನೂ ರುಜು ಹಾಕಲಾರ. ಲೀಟರಿನ ಮೇಲೆ ಮೀಥೇನ್ ಇಳಿದದ್ದಕ್ಕೆ ಮೇವಿನ ಸುಧಾರಣೆಯೂ ತಳಿಯ ಸುಧಾರಣೆಯೂ ಕಾರಣ, ಸರಿ. ಆದರೆ ಹೋರಿಗರುವಿನ ಮರೆಯಾಗುವಿಕೆಯೂ ಒಂದು ಕಾರಣ. ಜೈನಪತ್ರಿಕೆಯಲ್ಲಿ ಈ ಮಾತು ಹೇಳಲಾಗದಿದ್ದರೆ ಇನ್ನೆಲ್ಲಿ ಹೇಳಬೇಕು?

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಗಮನಿಸಿದರೆ ಐದೂ ಮನೆಯ ಸಾಕುಪ್ರಾಣಿಗಳಿಗೆ ಸಂಬಂಧಿಸಿದವು. ಗೋಮಾಳವಿಲ್ಲದ ಊರಿನಲ್ಲಿ ವರ್ಷವಿಡೀ ಒಂದೇ ಗೂಟಕ್ಕೆ ಕಟ್ಟಿದ ಸೀಮೆಹಸು ಬಂಧಕ್ಕೆ ಉದಾಹರಣೆ. ಹಿಂದೆ ಗಾಡಿಗೆ ಮಿತಿಮೀರಿ ಹೇರುವುದು ಅತಿಭಾರವಾಗಿತ್ತು. ಇಂದು ದೇಹ ತಾಳಲಾರದಷ್ಟು ಹಾಲನ್ನು ಕೆಚ್ಚಲಿನಿಂದ ಬಯಸುವುದು ಅತಿಭಾರ. ಕರುವನ್ನು ಕೆಚ್ಚಲಿನಿಂದ ಎಳೆದು ಕಟ್ಟುವುದಕ್ಕಿಂತ ಸ್ಪಷ್ಟವಾದ ಅನ್ನಪಾನನಿರೋಧ ಯಾವುದು? ತಾನು ಮಾಡಿದ್ದಲ್ಲ, ದೂರದ ರೈತ ಮಾಡಿದ್ದು ಎಂಬ ಸಮಾಧಾನಕ್ಕೆ ಜೈನಸಿದ್ಧಾಂತದಲ್ಲಿ ಎಡೆಯಿಲ್ಲ. ಕೃತ, ಕಾರಿತ, ಅನುಮೋದಿತ ಈ ಮೂರೂ ಬಗೆಯಲ್ಲಿ ಕರ್ಮ ಅಂಟುತ್ತದೆ. ರೈತ ಕಡಿಮೆ ಬೆಲೆಗೆ ಮಾರುವಂತೆ ಒತ್ತಾಯಿಸುವುದು ಕೊಳ್ಳುವವನ ಕೈ. ಹೋರಿಗರುವನ್ನು ಸಾಕುವ ಖರ್ಚನ್ನು ಬೆಲೆಯಲ್ಲಿ ಸೇರಿಸದೆ ಹಾಲು ಕೊಂಡವನೇ ಆ ಕರುವನ್ನು ಹೊರಗೆ ಅಟ್ಟಿದವನು. ಆದ್ದರಿಂದ ಈ ಟೀಕೆ ರೈತನ ಮೇಲಲ್ಲ. ಎರಡು ಹಸು ಕಟ್ಟಿದವನು ಲಾಭವಿಲ್ಲದ ಐದು ಜೀವಗಳನ್ನು ತನ್ನೊಬ್ಬನ ಖರ್ಚಿನಲ್ಲಿ ಸಾಕಬೇಕೆಂದು ಪೇಟೆಯಲ್ಲಿ ಕುಳಿತು ಉಪದೇಶಿಸುವುದು ಸುಲಭ.

ರಾಮನಗರವು ರೇಷ್ಮೆಗೂಡಿನ ಪೇಟೆ. ಗೂಡಿನೊಳಗಿನ ಹುಳುವನ್ನು ಕೊಂದು ನೂಲು ತೆಗೆಯುತ್ತಾರೆಂಬ ಕಾರಣಕ್ಕೆ ಪೂಜೆಯಲ್ಲಿ ರೇಷ್ಮೆ ಉಡದ ಜೈನರು ಅನೇಕರಿದ್ದಾರೆ. ಸ್ತುತ್ಯವಾದ ನಿಯಮ. ಆದರೆ ಹುಳು ತಿಂದುಳಿದ ಹಿಪ್ಪುನೇರಳೆ ಸೊಪ್ಪು ಹೋಗುವುದು ಅದೇ ಮನೆಯ ಹಿತ್ತಲಿನ ಸೀಮೆಹಸುವಿನ ಬಾನಿಗೆ. ಒಂದೇ ಮನೆಯ ಎರಡು ಉತ್ಪನ್ನಗಳಲ್ಲಿ ಒಂದರ ಹಿಂಸೆ ಕಣ್ಣಿಗೆ ಬಿತ್ತು, ಇನ್ನೊಂದರದು ಬೀಳಲಿಲ್ಲ. ಏಕೇಂದ್ರಿಯ ಜೀವಕ್ಕೂ ದಯೆ ತೋರುವ ವಿವೇಕವು ಪಂಚೇಂದ್ರಿಯ ಕರುವಿನ ಮುಂದೆ ಕಣ್ಣು ಮುಚ್ಚಬಾರದು.

ಕಾನೂನು ಇದೆಯಲ್ಲ ಎನ್ನುವವರೂ ಇದ್ದಾರೆ. ಕರ್ನಾಟಕದ 1964ರ ಕಾಯಿದೆ ಗೋವಧೆಯನ್ನು ನಿಷೇಧಿಸಿ, 12 ವರ್ಷ ಮೀರಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಹೋರಿ, ಎಮ್ಮೆಗಳಿಗೆ ಪ್ರಮಾಣಪತ್ರದ ಮೇಲೆ ವಿನಾಯಿತಿ ನೀಡಿತ್ತು. 2020ರ ಕಾಯಿದೆ 13 ವರ್ಷ ಮೀರಿದ ಎಮ್ಮೆ ಕೋಣಗಳ ಹೊರತು ಎಲ್ಲದರ ವಧೆಯನ್ನು ನಿಷೇಧಿಸಿತು. ಕಾನೂನು ವಧೆಯನ್ನು ತಡೆಯಬಲ್ಲದು, ಮೇವನ್ನು ಹುಟ್ಟಿಸಲಾರದು. ನಿಷೇಧವನ್ನು ಸ್ವಾಗತಿಸಿದ ಸಮಾಜವು ಮೇವಿನ ಹೊರೆಯಲ್ಲಿ ತನ್ನ ಪಾಲನ್ನು ಹೊರದಿದ್ದರೆ, ಆ ಸ್ವಾಗತ ಬರಿಯ ಬಾಯಿಮಾತು.

ಗೋಶಾಲೆಗೆ ಕೊಡುವ ದಾನ ಸಾಲದೇ ಎಂಬ ಪ್ರಶ್ನೆಗೂ ಉತ್ತರ ಬೇಕು. ದಾನ ಪುಣ್ಯಕರ, ಸಂದೇಹವಿಲ್ಲ. ಆದರೆ ನೂರು ದನ ಸಾಕುವ ಗೋಶಾಲೆಗೆ ಕಾಣಿಕೆ ಕೊಟ್ಟು, ಸಾವಿರ ಹಸುಗಳ ಹಾಲಿಗೆ ಬೇಡಿಕೆ ಹುಟ್ಟಿಸುವುದು ಒಂದು ಕೈಯಿಂದ ಬೆಂಕಿ ಹಚ್ಚಿ ಇನ್ನೊಂದು ಕೈಯಿಂದ ನೀರೆರಚಿದಂತೆ. ಕೆಲವು ಗೋಶಾಲೆಗಳು ಗೋಸಂತತಿಯ ವೃದ್ಧಿಯನ್ನೇ ಧ್ಯೇಯವೆಂದು ಸಾರುತ್ತವೆ. ಹುಟ್ಟಿದ ಜೀವವನ್ನು ಕಾಪಾಡುವುದು ಧರ್ಮ. ಸಾಕಲಾಗದ ಜೀವಗಳನ್ನು ಹುಟ್ಟಿಸುವುದು ಧರ್ಮವಲ್ಲ. ಗೋಬರ್ ಗ್ಯಾಸ್ ಘಟಕ ಹಾಕಿಸಿದ್ದರಿಂದ ಮೀಥೇನಿನ ಪ್ರಶ್ನೆ ಬಗೆಹರಿಯಿತೆಂಬುದೂ ತಪ್ಪು ತಿಳಿವಳಿಕೆ. ಅದು ಹಿಡಿಯುವುದು ಸಗಣಿಯ ಅನಿಲವನ್ನು, ತೇಗಿನ ಅನಿಲವನ್ನಲ್ಲ. ಭಾರತದ ಲೆಕ್ಕದಲ್ಲಿ ಸಗಣಿಯ ಪಾಲು ತೇಗಿನ ಪಾಲಿನ ಮುಂದೆ ಬಹು ಸಣ್ಣದು.

ಹಾಗಾದರೆ ಮಾರ್ಗವೇನು? ಮೀಥೇನ್ ಇಳಿಯಬೇಕು, ಆದರೆ ಒಂದು ಪ್ರಾಣಿಯ ಆಯುಷ್ಯವೂ ಮೊಟಕಾಗಬಾರದು. ಈ ಎರಡೂ ಕೂಡಿಬರುವ ದಾರಿ ಒಂದೇ: ಹೊಸದಾಗಿ ಹುಟ್ಟಿಸುವ ಜೀವಗಳ ಸಂಖ್ಯೆ ಇಳಿಯುವಂತೆ ಬೇಡಿಕೆಯನ್ನು ಮಿತಗೊಳಿಸುವುದು, ಹುಟ್ಟಿದವನ್ನು ಸಹಜ ಮರಣದವರೆಗೆ ಸಾಕುವುದು. ಬಸದಿ, ಮಂದಿರಗಳ ವಿಶ್ವಸ್ತ ಮಂಡಳಿಗಳು ಇದನ್ನು ಇಂದೇ ಆರಂಭಿಸಬಹುದು. ಮೊದಲನೆಯದಾಗಿ, ಸಾಮೂಹಿಕ ಭೋಜನಗಳಲ್ಲಿ ಹಾಲಿನ ಸಿಹಿ ಒಂದಕ್ಕಿಂತ ಹೆಚ್ಚಿರಬಾರದೆಂದು ನಿಯಮ ಮಾಡಬಹುದು. ಎರಡನೆಯದಾಗಿ, ನಿತ್ಯದ ಕ್ಷೀರಾಭಿಷೇಕದ ಪ್ರಮಾಣವನ್ನು ತಗ್ಗಿಸಬಹುದು. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕದ ಮಾತು ಇಲ್ಲಿ ಬೇಡ. ದಿನದಿನದ ಕೊಡಗಳ ಮಾತು ಮಾತ್ರ. ದಿಗಂಬರರಲ್ಲಿಯೇ ತೇರಾಪಂಥದವರು ಶುದ್ಧಜಲದಿಂದಷ್ಟೇ ಅಭಿಷೇಕ ಮಾಡುತ್ತ ಬಂದಿದ್ದಾರೆ. ಜಿನಬಿಂಬದ ಮಹಿಮೆ ಅದರಿಂದ ಕುಂದಿಲ್ಲ.

ಮೂರನೆಯದಾಗಿ, ಟ್ರಸ್ಟುಗಳು ಹಾಲನ್ನು ಎಲ್ಲಿಂದ ಕೊಳ್ಳುತ್ತವೆಯೋ ಅಲ್ಲಿ ಒಂದು ಪ್ರಶ್ನೆ ಕೇಳಬೇಕು: ಹಿಂದಿನ ವರ್ಷ ಎಷ್ಟು ಕರುಗಳು ಹುಟ್ಟಿದವು, ಅವುಗಳಲ್ಲಿ ಇಂದು ಎಷ್ಟಿವೆ? ಮಾಗಡಿಯ ಅಥವಾ ಕನಕಪುರದ ನಾಲ್ಕು ರೈತಮನೆಗಳೊಡನೆ ಒಪ್ಪಂದ ಮಾಡಿಕೊಂಡು, ಹೋರಿಗರುವನ್ನೂ ಬತ್ತಿದ ಹಸುವನ್ನೂ ಉಳಿಸಿಕೊಂಡವರಿಗೆ ಆ ಸಾಕಣೆಯ ಪೂರ್ಣ ವೆಚ್ಚವನ್ನು ಹಾಲಿನ ಬೆಲೆಯಲ್ಲಿಯೇ ಕೊಡಬೇಕು. ಬೆಲೆ ಈಗಿನದಕ್ಕಿಂತ ಬಹಳ ಹೆಚ್ಚಾಗುತ್ತದೆ. ಆಗಲಿ. ಅದೇ ಹಾಲಿನ ನಿಜವಾದ ಬೆಲೆ. 2025ರ ಏಪ್ರಿಲಿನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಗೊಣಗಿದವರು, ಈ ನಿಜವಾದ ಬೆಲೆಯನ್ನು ಕೇಳಿದರೆ ತಾವಾಗಿಯೇ ಅರ್ಧ ಲೀಟರು ಕಡಿಮೆ ಕೊಳ್ಳುತ್ತಾರೆ. ವ್ರತದಿಂದಾಗದ ಪರಿಮಾಣ ಬೆಲೆಯಿಂದಾಗುತ್ತದೆ.

ನಾಲ್ಕನೆಯದಾಗಿ, ವಿಜ್ಞಾನದ ನೆರವನ್ನು ನಿರಾಕರಿಸಬಾರದು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ಟ್ಯಾನಿನ್ ಇರುವ ಸಸ್ಯಗಳಿಂದ ‘ಹರಿತ್ ಧಾರಾ’ ಎಂಬ ಮೇವಿನ ಪೂರಕವನ್ನು ರೂಪಿಸಿದೆ. ಅದು ಮೀಥೇನನ್ನು ಶೇಕಡ 17ರಿಂದ 20ರಷ್ಟು ತಗ್ಗಿಸುತ್ತದೆಂದು ಸಂಸ್ಥೆ ತಿಳಿಸಿದೆ. ಮೀಥೇನಾಗಿ ಹೊರಹೋಗುವುದು ಹಸು ತಿಂದ ಮೇವಿನದೇ ಶಕ್ತಿ. ಅದು ಉಳಿದರೆ ಹಸುವಿಗೂ ಲಾಭ, ಸಾಕುವವನಿಗೂ ಲಾಭ. ಗೋಶಾಲೆಗಳಿಗೆ ಒಣಹುಲ್ಲಿನ ಹೊರೆಯೊಂದನ್ನೇ ಕಳಿಸುವ ದಾನಿಗಳು ಸಮತೂಕದ ಮೇವಿನ ಕಡೆಗೂ ಗಮನ ಕೊಡಬೇಕು. ಹೆಣ್ಣುಕರುಗಳೇ ಶೇಕಡ 90ರಷ್ಟು ಹುಟ್ಟುವಂತೆ ವಿಂಗಡಿಸಿದ ವೀರ್ಯವೂ ಈಗ ಬಳಕೆಗೆ ಬಂದಿದೆ. ಹುಟ್ಟಿದ ಗಂಡುಗರುವನ್ನು ಹೊರಗಟ್ಟುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದು ಕಡಿಮೆ ದೋಷವೇ. ಆದರೆ ಬತ್ತಿದ ಹಸುವಿನ ಪ್ರಶ್ನೆಯನ್ನು ಅದು ಬಗೆಹರಿಸುವುದಿಲ್ಲ.

ಹಾಲನ್ನು ಪೂರ್ತಿ ತ್ಯಜಿಸಿದ ಜೈನ ಯುವಕ ಯುವತಿಯರು ಇಂದು ಅಲ್ಲಲ್ಲಿ ಇದ್ದಾರೆ. ಹಿರಿಯರು ಅವರನ್ನು ಪರದೇಶದ ಫ್ಯಾಷನ್ನಿಗೆ ಮರುಳಾದವರೆಂದು ಗೇಲಿ ಮಾಡುವುದುಂಟು. ಆ ಮಕ್ಕಳು ಅಜ್ಜನಿಂದ ಕಲಿತ ಪಾಠವನ್ನೇ ಅಜ್ಜನಿಗಿಂತ ಒಂದು ಹೆಜ್ಜೆ ಮುಂದೆ ಒಯ್ದಿದ್ದಾರೆ. ಎಲ್ಲರೂ ಅಷ್ಟು ದೂರ ನಡೆಯಬೇಕೆಂದಿಲ್ಲ. ಅಣುವ್ರತವೆಂಬ ಮಾತಿನಲ್ಲಿಯೇ ಅಳತೆಯ ಅರ್ಥವಿದೆ. ಆದರೆ ಅಳತೆಯೇ ಇಲ್ಲದವನು ವ್ರತಿಯಲ್ಲ.

ದಶಲಕ್ಷಣ ಪರ್ವದ ಕೊನೆಗೆ ಬಸದಿಗಳಲ್ಲಿ ಸಕಲ ಜೀವಿಗಳ ಕ್ಷಮೆ ಯಾಚಿಸಲಾಗುತ್ತದೆ. ವರ್ತಕನಾದವನು ಬಾಕಿಯನ್ನು ತೀರಿಸದೆ ಕ್ಷಮೆ ಕೇಳುವ ಸಾಲಗಾರನನ್ನು ನಂಬುವುದಿಲ್ಲ. ಈ ವರ್ಷದ ವಾರ್ಷಿಕ ಸಭೆಯಲ್ಲಿ ಆದಾಯ ವೆಚ್ಚದ ತಖ್ತೆಯನ್ನು ಓದುವಾಗ ಪ್ರತಿಯೊಂದು ಟ್ರಸ್ಟಿನ ಕಾರ್ಯದರ್ಶಿಯೂ ಒಂದು ಸಾಲನ್ನು ಹೆಚ್ಚಾಗಿ ಓದಲಿ: ಕೊಂಡ ಹಾಲು ಇಷ್ಟು ಲೀಟರು, ಆ ಹಾಲಿಗಾಗಿ ಹುಟ್ಟಿದ ಕರುಗಳು ಇಷ್ಟು, ಬದುಕಿ ಉಳಿದವು ಇಷ್ಟು. ಆ ಮೂರನೆಯ ಅಂಕಿ ಎರಡನೆಯದಕ್ಕೆ ಸಮನಾಗುವ ತನಕ ಹಾಲು ನಿರ್ದೋಷವೆಂಬ ಮಾತನ್ನು ಯಾರೂ ಆಡದಿರುವುದು ಲೇಸು.